ಮೂಲೆಗುಡಿಯ ಹಿರಿಯಕ್ಕ

ಸೋಮನಹಾಳಿನ ಸೋಮಲಿಂಗೇಶ್ವರನ ಗುಡಿಗೆ ಬಂದವರಿಗೆ ಶ್ರೀ ನೆರಳಜ್ಜನವರ ದರ್ಶನ ಬೇಕೆಂದರೆ, ಪೌಳಿಯ ಗೋಡೆಯೊಳಗೆ ನೆರಳು ಎಲ್ಲಿ ಬಿದ್ದಿದೆಯೆಂದು ನೋಡಿಕೊಂಡು ಹೋದರೆ ಸಾಕಾಗಿತ್ತು. ಪೂಜ್ಯರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ, ಹಿಂದೆ ಮುಂದೆ ಓಡಾಡುವ ಶಿಷ್ಯರಂತೂ ಇರಲೇ ಇಲ್ಲ. ಮುಂಜಾನೆ ಮೂಡಣ ಗೋಡೆಯ ಬುಡದಲ್ಲಿ, ಇಳಿಹೊತ್ತಿಗೆ ಪಡುವಣ ಗೋಡೆಯ ಬುಡದಲ್ಲಿ ಒಂದು ಹರಕು ಚಾಪೆ ಹಾಸಿಕೊಂಡು ಕುಳಿತಿರುತ್ತಿದ್ದರು. ಬಿಸಿಲು ಸರಿದಂತೆ ಚಾಪೆಯೂ ಸರಿಯುತ್ತಿತ್ತು. ಹುಟ್ಟುಹೆಸರು ಏನೆಂದು ಕೇಳಿದವರಿಗೆ, "ಮರ್ತುಬಿಟ್ಟೀನಪ್ಪ, ನಿಮಗೆ ಗೊತ್ತಾದ್ರೆ ನನಗೂ ಹೇಳ್ರಿ" ಎಂದು ನಗುತ್ತಿದ್ದರು. ಊರವರೇ ನೆರಳಜ್ಜ ಎಂದು ಕರೆದರು, ಅದೇ ಉಳಿಯಿತು.

ಅವರ ನಿತ್ಯದ ಅನುಷ್ಠಾನವೆಂದರೆ ಒಂದು ಕಸಬರಿಗೆ. ನಡುವಿನ ದೊಡ್ಡ ಗುಡಿಯಲ್ಲಿ ಸೋಮಲಿಂಗನಿಗೆ ಅರ್ಚಕರಿದ್ದರು, ಜಾಗಟೆಯಿತ್ತು, ಜನವಿತ್ತು. ಆದರೆ ಅವನ ಸುತ್ತ ಪೌಳಿಯುದ್ದಕ್ಕೂ ಇದ್ದ ಚಿಕ್ಕ ಚಿಕ್ಕ ಪರಿವಾರ ಗುಡಿಗಳನ್ನು ಕೇಳುವವರು ಯಾರು? ಬಾಗಿಲ ಬಳಿ ಗಣಪ, ಒಂದೇ ಹಾಸುಗಲ್ಲಿನಲ್ಲಿ ಸಾಲಾಗಿ ಕುಳಿತ ಏಳು ಮಂದಿ ತಾಯಂದಿರು, ಹಿಂಬದಿಯಲ್ಲಿ ನವಿಲಿನ ಮೇಲೆ ಕುಮಾರಸ್ವಾಮಿ. ಪೂಜ್ಯರು ಒಂದೊಂದು ಗುಡಿಗೂ ಹೋಗಿ ಕಸ ಗುಡಿಸಿ, ಬಾವಲಿಯ ಹಿಕ್ಕೆ ತೆಗೆದು, ಹಣತೆ ಹಚ್ಚಿ, "ಆರಾಮಿದೀರಾ?" ಎಂದು ವಿಚಾರಿಸಿ ಬರುತ್ತಿದ್ದರು. ದೊಡ್ಡ ಗುಡಿಯ ಅಭಿಷೇಕದ ನೀರು ಬೀಳುವ ತೂಬಿನ ಪಕ್ಕದಲ್ಲಿ ಚಂಡಿಕೇಶನ ಗುಡಿಯಿತ್ತು. ಶಿವನ ಮನೆಯಿಂದ ಏನನ್ನೂ ಒಯ್ಯುತ್ತಿಲ್ಲ ಎಂದು ತಿಳಿಸಲು ಭಕ್ತರು ಅವನೆದುರು ಚಪ್ಪಾಳೆ ತಟ್ಟಿ ಹೋಗುವುದು ರೂಢಿ. ಪೂಜ್ಯರು ಮಾತ್ರ ತಟ್ಟುತ್ತಿರಲಿಲ್ಲ. "ಪಾಪ, ಧ್ಯಾನಕ್ಕೆ ಕುಂತಾನ, ಯಾಕೆ ಎಬ್ಬಿಸ್ಲಿ?" ಎಂದು ಬರಿಗೈ ಬಿಚ್ಚಿ ತೋರಿಸಿ ಮೆಲ್ಲಗೆ ದಾಟುತ್ತಿದ್ದರು. ಎಂಥ ಅಂತಃಕರಣ ನೋಡಿ!

ನೈರುತ್ಯದ ಮೂಲೆಯಲ್ಲಿ ಇನ್ನೊಂದು ಗುಡಿಯಿತ್ತು. ಒಂದೇ ಅಂಕಣದ್ದು, ನಾಲ್ಕು ಗಿಡ್ಡ ಕಂಬಗಳದ್ದು, ಮೇಲೆ ಚಪ್ಪಡಿ ಕಲ್ಲಿನ ಚಾವಣಿ. ಅದರ ಬಾಗಿಲಿಗೆ ಯಾವ ಕಾಲದಲ್ಲೋ ಕಾಡುಗಲ್ಲು ಅಡ್ಡ ಒಟ್ಟಿದ್ದರು. ಊರವರು ಅದನ್ನು ಮೂದೇವಿ ಗುಡಿ ಎನ್ನುತ್ತಿದ್ದರು. ಲಕ್ಷ್ಮಿಗಿಂತ ಮೊದಲು ಕಡಲಿನಿಂದೆದ್ದು ಬಂದ ಅವಳ ಅಕ್ಕ, ಜ್ಯೇಷ್ಠಾದೇವಿ, ಅಲ್ಲಿದ್ದಳು. ಹಿಂದೆ ಪೂಜೆಯಾಗುತ್ತಿತ್ತಂತೆ. ಆಮೇಲೆ ಯಾರೋ ಅವಳ ದೃಷ್ಟಿ ಕೆಟ್ಟದ್ದು ಎಂದರು, ಜನ ನಂಬಿದರು. ಬಸುರಿಯರು ಆ ಮೂಲೆಗೆ ಬೆನ್ನು ಮಾಡಿ ನಡೆದರು, ಮಕ್ಕಳು ಹಟ ಮಾಡಿದರೆ ಅವಳ ಹೆಸರು ಹೇಳಿ ಹೆದರಿಸಿದರು. ನೆರಳಜ್ಜನವರು ಮಾತ್ರ ಇಳಿಹೊತ್ತಿನಲ್ಲಿ ಚಾಪೆ ಹಾಸುತ್ತಿದ್ದುದು ಆ ಗುಡಿಯ ಮುಂದೆಯೇ.

ಆ ವರ್ಷ ಗುಡಿಯ ಧರ್ಮದರ್ಶಿ ಕೊಟ್ರಗೌಡರು ಪರಿವಾರ ಗುಡಿಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಗೌಡರು ದೈವಭಕ್ತರೇ, ಆದರೆ ಅಂಜುಬುರುಕರು. ಎತ್ತು ಕುಂಟಿದರೂ ಮೂದೇವಿಯ ದೃಷ್ಟಿ, ಬಾವಿ ಬತ್ತಿದರೂ ಮೂದೇವಿಯ ದೃಷ್ಟಿ. ಹಾಗಾಗಿ ಕೆಲಸಕ್ಕೆ ಕರೆಸಿದ ಶಿಲ್ಪಿ ಮೌನೇಶಾಚಾರಿಗೆ ಅವರ ಮೊದಲ ಅಪ್ಪಣೆ ಇದು: ಮೂಲೆಗುಡಿಯ ಮೂರ್ತಿಯನ್ನು ಕಿತ್ತು ಹೊಳೆಯ ಮಡುವಿಗೆ ಬಿಡಬೇಕು, ಆ ಪೀಠದ ಮೇಲೆ ಹೊಸ ಗಜಲಕ್ಷ್ಮಿಯನ್ನು ಕೂರಿಸಬೇಕು.

ಮೌನೇಶಾಚಾರಿ ಒಳ್ಳೆಯ ಕಸುಬುದಾರ. ಕಲ್ಲನ್ನು ತಟ್ಟಿ ನಾದ ಕೇಳಿಯೇ ಒಳಗಿನ ಸೀಳು ಎಲ್ಲಿದೆಯೆಂದು ಹೇಳುವವನು. ಕೈಯಲ್ಲಿ ವಿದ್ಯೆ ಇದ್ದವನು ಚಾಪೆಯ ಮೇಲೆ ಕುಳಿತ ಮುದುಕರಿಗೆಲ್ಲ ಅಡ್ಡಬೀಳಬೇಕಾಗಿಲ್ಲ ಎಂಬ ಸಣ್ಣ ಬಿಗುಮಾನವೂ ಇತ್ತು. ಬಂದ ದಿನ ನೆರಳಜ್ಜನವರನ್ನು ಕಂಡು, ಇವರದೊಂದು ಬಿಟ್ಟಿ ಕಾಟ ಎಂದುಕೊಂಡು ಪಕ್ಕದಿಂದ ಹಾದುಹೋದನು.

ಅವನ ಮನೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಮಡದಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಸೋಮನಹಾಳಿನ ಬಿಡಾರದಲ್ಲಿ ಅವನಿಗೆ ಬೇಯಿಸಿ ಹಾಕಲು ಅಕ್ಕ ಕಾಳಮ್ಮ ಜೊತೆಗೆ ಬಂದಿದ್ದಳು. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಹೋದ ಮೇಲೆ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳು ಈ ಅಕ್ಕ. ಮದುವೆಯಾಗಿ ಹೋದವಳು ಕುಂಕುಮ ಕಳೆದುಕೊಂಡು ಬೇಗನೆ ತಿರುಗಿ ಬಂದಳು. ಅಂದಿನಿಂದ ತಮ್ಮ ಉಳಿಯ ಚೀಲ ಎತ್ತಿದ ಸದ್ದು ಕೇಳಿದರೆ ಸಾಕು, ಕಾಳಮ್ಮ ಹಿತ್ತಲಿಗೆ ಸರಿದುಬಿಡುತ್ತಿದ್ದಳು. ದೇವರ ಕೆಲಸಕ್ಕೆ ಹೊರಟವನಿಗೆ ವಿಧವೆ ಎದುರಾಗಬಾರದಲ್ಲ! ರೊಟ್ಟಿಯ ಗಂಟು ಮಾತ್ರ ಹೊಸಿಲ ಬಳಿ ಇರುತ್ತಿತ್ತು. ಹಾಗೆ ಮಾಡು ಎಂದು ಮೌನೇಶ ಎಂದೂ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಈಗ ಅದಕ್ಕಿಂತ ದೊಡ್ಡದೊಂದು ಮುಳ್ಳು ಅವನ ಎದೆಯಲ್ಲಿ ಮುರಿದುಕೊಂಡಿತ್ತು. ಹಿಂದೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಎರಡನ್ನೂ ಮೊದಲು ಎತ್ತಿಕೊಂಡವಳು ಕಾಳಮ್ಮ. ಈ ಸಲ ಅತ್ತೆಮನೆಯವರು ಕಡ್ಡಿ ಮುರಿದಂತೆ ಹೇಳಿದ್ದರು: ಆಕೆ ಇರುವ ಮನೆಗೆ ಕೂಸನ್ನು ಕಳಿಸುವುದಿಲ್ಲ. ಮೌನೇಶ ಒಪ್ಪಿಕೊಂಡಿದ್ದನು. ದೂರದ ಊರಿನ ಸಂಬಂಧಿಕರೊಬ್ಬರ ಹಿತ್ತಲ ಕೋಣೆಯಲ್ಲಿ ಅಕ್ಕನನ್ನು ಬಿಟ್ಟುಬರುವುದೆಂದು ಗೊತ್ತುಮಾಡಿಯೂ ಆಗಿತ್ತು. ಗುಡಿಯ ಕೆಲಸ ಮುಗಿಯುವುದೊಂದೇ ಬಾಕಿ. ಅಕ್ಕನಿಗೆ ಹೇಗೆ ಹೇಳುವುದೆಂದು ಮಾತ್ರ ಅವನಿಗೆ ತಿಳಿದಿರಲಿಲ್ಲ.

ಮೂಲೆಗುಡಿಯ ಬಾಗಿಲಿಗೆ ಒಟ್ಟಿದ್ದ ಕಲ್ಲುಗಳನ್ನು ಅವನು ತೆಗೆದ ದಿನ ಪೂಜ್ಯರು ಅಲ್ಲೇ ಕುಳಿತಿದ್ದರು. ಒಳಗೆ ಒಂದು ಬಿಳಿಯ ಮುದ್ದೆಯಿತ್ತು. ಮೇಲಿಂದ ಮೇಲೆ ಸುಣ್ಣ ಬಳಿದು ಬಳಿದು ಮೂರ್ತಿಯ ಕೈಯೆಲ್ಲಿ ಕಾಲೆಲ್ಲಿ ಎಂಬುದೇ ತಿಳಿಯದಾಗಿತ್ತು. ಮೌನೇಶ ಹಾರೆಯನ್ನು ಪೀಠದ ಸಂದಿಗೆ ಕೊಟ್ಟನು.

"ಹೊಳಿಗೆ ಕಳಿಸ್ತೀಯೇನಪ್ಪ?" ಎಂದರು ಪೂಜ್ಯರು.

"ಹೌದ್ರಿ ಅಜ್ಜಾರ. ಗೌಡ್ರ ಅಪ್ಪಣೆ ಆಗೇತಿ."

"ಕಳಿಸು. ಆದ್ರ ಮುಖ ತೊಳೆದು ಕಳಿಸು. ಮನಿ ಬಿಟ್ಟು ಹೋಗೋ ಹೆಣ್ಣುಮಗಳನ್ನ ಹಿಂಗೇ ಕಳಿಸ್ತಾರೇನು?"

ಮಾತು ಅಷ್ಟೇ. ಆದರೆ ಮೌನೇಶನ ಕೈಯಲ್ಲಿದ್ದ ಹಾರೆ ಮುಂದೆ ಹೋಗಲಿಲ್ಲ. ಮುದುಕರ ಮಾತು ಒಂದು ನಡೆಸಿಕೊಟ್ಟರೆ ಗಂಟೇನು ಹೋಗುತ್ತದೆ, ಹೇಗೂ ಲಕ್ಷ್ಮಿಯ ಕಲ್ಲು ಇನ್ನೂ ಗಾಡಿಯಲ್ಲಿ ಬರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾರೆಯನ್ನು ಗೋಡೆಗೆ ಒರಗಿಸಿದನು.

ಸುಣ್ಣ ಬಿಡಿಸಲು ಹುಣಸೆ ಹುಳಿ ಬೇಕು, ಹಳೆಯ ಎಣ್ಣೆಯ ಜಿಡ್ಡಿಗೆ ಅಂಟುವಾಳದ ನೊರೆ ಬೇಕು. ಸಂಜೆ ಬಿಡಾರಕ್ಕೆ ಹೋಗಿ ಅಕ್ಕನನ್ನು ಕೇಳಿದಾಗ ಆಕೆ ಬೆರಗಾದಳು. "ಇಷ್ಟು ಹುಣಸೇಹಣ್ಣು ಯಾವ ಸಾರಿಗೆ ಹಾಕ್ತೀಯೋ ಮಾರಾಯ? ಊರಿಗೆಲ್ಲಾ ಊಟ ಹಾಕ್ಸೋನಂಗೆ ಕೇಳ್ತೀಯಲ್ಲ!" ಎಂದು ನಗಾಡಿದಳು. ಆದರೂ ಕುಳಿತು ಹಣ್ಣು ಕಿವುಚಿ, ನಾರು ಬೀಜ ತೆಗೆದು, ಕೊಡ ತುಂಬಿ ಇಟ್ಟಳು. ಅವನು ಯಾವುದಕ್ಕೆಂದು ಹೇಳಲಿಲ್ಲ. ಮೂದೇವಿಯ ಹೆಸರನ್ನು ಅಕ್ಕನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಬೇರೆಯವರು ಆಕೆಯನ್ನೇ ಹಾಗೆ ಕರೆದದ್ದನ್ನು ಅವನು ಕೇಳಿದ್ದನು.

ಒದ್ದೆ ಗೋಣಿತಟ್ಟು ಹೊದಿಸಿ, ಹುಳಿನೀರು ಸುರಿದು, ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆದಂತೆ ಸುಣ್ಣ ಪದರ ಪದರವಾಗಿ ಬಿಡತೊಡಗಿತು. ಮೊದಲು ಪಾದಗಳು ಕಂಡವು. ಎರಡೂ ಕಾಲು ಇಳಿಬಿಟ್ಟು, ದಿನದ ಕೆಲಸವೆಲ್ಲ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತ ಹೆಂಗಸಿನ ಹಾಗೆ ಕುಳಿತಿದ್ದಳು ದೇವಿ. ದಪ್ಪ ಹೊಟ್ಟೆ, ಇಳಿಬಿದ್ದ ಎದೆ. ಬಲಗಡೆ ಎತ್ತಿನ ಮುಖದ ಮಗ, ಎಡಗಡೆ ಒತ್ತಿಕೊಂಡು ನಿಂತ ಮಗಳು. ಮೇಲೆ ಒಂದು ಕಾಗೆ, ಪಕ್ಕದಲ್ಲಿ ಒಂದು ಕಸಬರಿಗೆ. ಮೌನೇಶ ತಿರುಗಿ ಪೂಜ್ಯರ ಬಳಿಯಿದ್ದ ಕಸಬರಿಗೆಯನ್ನು ನೋಡಿದನು. ಪೂಜ್ಯರು ಆಕಾಶ ನೋಡುತ್ತಿದ್ದರು.

ಕೈ ಕೆಲಸದಲ್ಲಿದ್ದಾಗ ಬಾಯಿ ಸಡಿಲವಾಗುತ್ತದೆ. ಕೆರೆಯುತ್ತ ಕೆರೆಯುತ್ತ ಮೌನೇಶ ತನ್ನ ತಾಯಿಯ ಮಾತು ಹೇಳಿದನು, ತೊಟ್ಟಿಲಲ್ಲಿ ಹೋದ ಕೂಸುಗಳ ಮಾತು ಹೇಳಿದನು, ಅಕ್ಕನನ್ನು ಬಿಟ್ಟುಬರಬೇಕಾದ ಮಾತನ್ನೂ ಹೇಳಿಬಿಟ್ಟನು. ಹೇಳಿ ಮುಗಿಸಿ, ಪೂಜ್ಯರು ಏನಾದರೂ ಅಂದಾರು ಎಂದು ಕಾದನು. ಬೈದಿದ್ದರೂ ಅವನಿಗೆ ಹಗುರಾಗುತ್ತಿತ್ತು. ಪೂಜ್ಯರು ಎದ್ದು ಬಂದು ಕೊಡದಲ್ಲಿ ಹುಳಿನೀರು ಎಷ್ಟು ಉಳಿದಿದೆಯೆಂದು ಬಗ್ಗಿ ನೋಡಿ ಹೋದರು.

ದೇವಿಯ ತೊಡೆಯ ಮೇಲಿನ ಸುಣ್ಣ ಬಿಟ್ಟಾಗ ಮೌನೇಶ ಕೆಲಸ ನಿಲ್ಲಿಸಿದನು. ಕಲ್ಲು ಅಲ್ಲಿ ತಗ್ಗಾಗಿತ್ತು, ಬೆಣ್ಣೆಯ ಹಾಗೆ ನುಣುಪಾಗಿತ್ತು. ಉಳಿಯಿಂದ ತಂದ ನುಣುಪಿಗೂ ಮನುಷ್ಯರ ಕೈ ತಾಗಿ ತಾಗಿ ಬಂದ ನುಣುಪಿಗೂ ಇರುವ ವ್ಯತ್ಯಾಸ ಶಿಲ್ಪಿಯ ಬೆರಳಿಗೆ ಗೊತ್ತು. ಅವನು ಕಣ್ಣುಮುಚ್ಚಿ ಆ ತಗ್ಗನ್ನು ಸವರಿದನು. ಅಂಗೈಗಿಂತ ತುಸು ಅಗಲ, ಮೊಳದಷ್ಟು ಉದ್ದ.

"ಅಜ್ಜಾರ, ಇಲ್ಲಿ ಏನು ಇಡ್ತಿದ್ರು?"

"ನಿನಗೇನು ಅನ್ಸುತ್ತ?"

"ಕೂಸು ಮಲಗಿಸಿದಂಗೆ ಐತಲ್ರೀ!"

"ಹೂಂ. ಹಿಂದೆಲ್ಲಾ ಹುಟ್ಟಿದ ಕೂಸನ್ನ ಮೊದಲು ಇಲ್ಲಿಗೇ ತರ್ತಿದ್ರಂತ. ಹಿರಿಯಕ್ಕ ಅಲ್ಲೇನು? ಮೊದಲು ಆಕಿ ಎತ್ಕೋಬೇಕು."

ಮೌನೇಶ ಒದ್ದೆ ಬಟ್ಟೆಯಿಂದ ಆ ತಗ್ಗನ್ನು ಮತ್ತೊಮ್ಮೆ ಒರೆಸಿದನು.

ಕೊನೆಗೆ ಉಳಿದದ್ದು ಮುಖ. ಅಗಲವಾದ ಮುಖ, ದಪ್ಪ ಮೂಗು, ತುಟಿಯ ಕೊನೆಯಲ್ಲಿ ಇದೆಯೋ ಇಲ್ಲವೋ ಎನ್ನುವಂಥ ನಗು. ಆದರೆ ಕಣ್ಣಿರಬೇಕಾದಲ್ಲಿ ಎರಡು ಕುರುಡು ಗುಳಿ. ಬರಿಯ ಸುಣ್ಣವಲ್ಲ, ಯಾರೋ ಬೇಕೆಂದೇ ಗಟ್ಟಿ ಗಾರೆ ಕಲಸಿ ಕಣ್ಣಿಗೆ ಮೆತ್ತಿದ್ದರು. ಅವಳ ನೋಟ ಹೊರಗೆ ಬೀಳಬಾರದೆಂದು! ಇದನ್ನು ಕಂಡು ಮೌನೇಶನಿಗೆ ಸಿಟ್ಟು ನೆತ್ತಿಗೇರಿತು. ಆ ಗಾರೆ ಮೆತ್ತಿದವನೂ ಒಬ್ಬ ಕಸುಬುದಾರನೇ ಆಗಿದ್ದಿರಬೇಕು ಎಂದು ಹೊಳೆದಾಗ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಕೊಟ್ರಗೌಡರು ಬಂದರು. ಮಿರಿಮಿರಿ ಮಿಂಚುವ ಮೂರ್ತಿ ನೋಡಿ ಹೌಹಾರಿದರು. "ಏನೋ ಇದು ಆಚಾರಿ! ಮೂದೇವಿನ ಹೊರಗ ಹಾಕಪ್ಪಾ ಅಂದ್ರ ಮದುವಣಗಿತ್ತಿ ಮಾಡಿ ಕುಂದ್ರಿಸೀಯಲ್ಲೋ! ಇಕಿನ್ನ ಹೊಳಿಗೆ ಒಯ್ಯಾಕ ಗಾಡಿ ಹೂಡ್ಸೀನಿ, ಇಳಿಹೊತ್ತಿಗೆ ಬರ್ತತಿ. ಕಣ್ಣಿನ ಗಾರೆ ಗೀರೆ ಮುಟ್ಟೀಯ ಮತ್ತ, ಜೋಕೆ! ಆ ನೋಟಕ್ಕೆ ಎದುರು ನಿಲ್ಲಿಸಾಕ ನಮ್ಮ ಕೊಟ್ಟಿಗೆಯಿಂದ ಒಂದು ಕರುನೂ ಕೊಡಂಗಿಲ್ಲ" ಎಂದು ಗದರಿ ಹೋದರು.

ಗೌಡರ ಮಾತಿಗೆ ಅರ್ಥವಿತ್ತು. ಮೂರ್ತಿಯ ಕಣ್ಣು ತೆರೆಯುವಾಗ ಮೊದಲ ನೋಟ ಬರಿದೆ ಹೋಗಬಾರದು, ಎದುರಿಗೆ ಮಂಗಳವಾದದ್ದು ಇರಬೇಕು ಎಂಬುದು ಶಿಲ್ಪಿಗಳ ಕಟ್ಟಳೆ. ಕರುವಿನ ಜೊತೆ ಹಸುವನ್ನು ನಿಲ್ಲಿಸುತ್ತಾರೆ, ಕನ್ನಿಕೆಯನ್ನು ನಿಲ್ಲಿಸುತ್ತಾರೆ, ಮುತ್ತೈದೆಯನ್ನು ನಿಲ್ಲಿಸುತ್ತಾರೆ. ಮೂದೇವಿಯ ಮೊದಲ ನೋಟಕ್ಕೆ ತನ್ನ ಮನೆಯವರನ್ನು ಕೊಡುವವರು ಸೋಮನಹಾಳಿನಲ್ಲಿ ಯಾರಿದ್ದಾರು?

ಮೌನೇಶ ಉಳಿಯನ್ನು ಗಾರೆಯ ಹತ್ತಿರ ಒಯ್ದು ಹಿಂದಕ್ಕೆ ತೆಗೆದನು. "ಅಜ್ಜಾರ, ನೀವು ಹೇಳಿದಂಗೆ ಮುಖ ತೊಳೆದೆ. ಕಣ್ಣೊಂದು ನನ್ನ ಕೈಲಿ ಆಗಂಗಿಲ್ಲ. ಎದುರಿಗೆ ನಿಲ್ಲಿಸಾಕ ಯಾರೂ ಇಲ್ಲ" ಎಂದನು.

ಪೂಜ್ಯರು ಚಾಪೆಯಿಂದೆದ್ದು ಅವನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತರು. ಅವನ ಮುಖವನ್ನೇ ನೋಡುತ್ತ ಕೇಳಿದರು:

"ಮಗನ, ನೀ ಹುಟ್ಟಿ ಕಣ್ಣು ಬಿಟ್ಟಾಗ ಮೊದಲು ನೋಡಿದ್ದು ಯಾರ ಮುಖ?"

ತಾಯಿ ಹೆತ್ತು ಕಣ್ಣುಮುಚ್ಚಿದ್ದಳು. ಸೂಲಗಿತ್ತಿಯ ಕೈಯಿಂದ ಅವನನ್ನು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡವಳು... ಮೌನೇಶ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟನು.

"ಅಕ್ಕಂದ್ರೀ" ಎಂದನು.

"ಬದುಕಿದಿ ಅಲ್ಲೇನಪ್ಪ?" ಎಂದರು ಪೂಜ್ಯರು.

ಮೌನೇಶ ಎದ್ದವನೇ ಓಡಿದನು. ಉಳಿಯ ಚೀಲ ಹೆಗಲಲ್ಲೇ ಇತ್ತು. ಅದರ ಸದ್ದು ಕೇಳಿ, ಬಿಡಾರದ ಅಡುಗೆಮನೆಯಲ್ಲಿದ್ದ ಕಾಳಮ್ಮ ಎಂದಿನಂತೆ ಹಿತ್ತಲಿಗೆ ಸರಿದಳು. ಮೌನೇಶ ಮುಂಬಾಗಿಲಿಗೆ ಹೋಗಲೇ ಇಲ್ಲ. ಸಂದಿಯಲ್ಲಿ ಸುತ್ತುಹಾಕಿ ನೇರ ಹಿತ್ತಲಿಗೇ ಬಂದು ನಿಂತನು. ಕಾಳಮ್ಮ ಗಾಬರಿಯಿಂದ ಸೆರಗು ಮುಖಕ್ಕೆ ಎಳೆದುಕೊಂಡಳು.

"ಅಯ್ಯ, ಇತ್ತಾಗ ಯಾಕ ಬಂದ್ಯೋ? ದೇವರ ಕೆಲಸದಾಗ ಅದೀಯಿ, ನಾ ಎದುರಿಗೆ ಬರಬಾರ್ದು!"

"ಬರಬೇಕು ಅಕ್ಕಾ. ನೀ ಬರದಿದ್ರ ಕೆಲಸ ಮುಗಿಯಂಗಿಲ್ಲ."

"ಕೈಯೆಲ್ಲಾ ಹುಣಸೇಹುಳಿ ಆಗೇತೋ..."

"ಇರ್ಲಿ ಬಾ" ಎಂದು ಅವನು ಆ ಹುಳಿಗೈಯನ್ನೇ ಹಿಡಿದುಕೊಂಡನು. ದಾರಿಯಲ್ಲಿ ತಡೆಯಲಾರದೆ, ಅವಳನ್ನು ದೂರದ ಊರಿಗೆ ಕಳಿಸಲು ಒಪ್ಪಿದ್ದನ್ನು ಹೇಳಿ ಅತ್ತನು. ಕಾಳಮ್ಮ ಅವನ ಕಣ್ಣು ಒರೆಸಿದಳು.

"ನಂಗೆ ಗೊತ್ತಿತ್ತಪ್ಪ. ಸೀರಿ ಗಂಟು ಕಟ್ಟಿ ಇಟ್ಟಾಗೇತಿ. ನಿನ್ನ ಬಾಯಿಂದ ಹೇಳಿಸಿ ನಿನಗೆ ಯಾಕ ನೋವು ಮಾಡ್ಲಿ ಅಂತ ಸುಮ್ಕಿದ್ದೆ" ಎಂದಳು.

ಅಯ್ಯೋ ದೇವರೇ, ಆ ಮಾತು ಕೇಳಿದ ಮೇಲೆ ಅವನಲ್ಲಿ ಉಳಿದದ್ದಾದರೂ ಏನು!

ಮೂಲೆಗುಡಿಯ ಮುಂದೆ ಅಕ್ಕನನ್ನು ನಿಲ್ಲಿಸಿದನು. ತಾನು ಮೂರ್ತಿಯ ಪಕ್ಕಕ್ಕೆ ಮಂಡಿಯೂರಿ ಸಣ್ಣ ಉಳಿಯನ್ನು ಗಾರೆಯ ಅಂಚಿಗೆ ಕೊಟ್ಟು ಮೆಲ್ಲಗೆ ತಟ್ಟಿದನು. ಎಡಗಣ್ಣಿನ ಗಾರೆ ಬಿಲ್ಲೆಯಾಗಿ ಕಳಚಿ ಬಿತ್ತು. ಆಮೇಲೆ ಬಲಗಣ್ಣಿನದು. ಪೂಜ್ಯರು ಕೊಡ ಬಗ್ಗಿಸಿ ಬೊಗಸೆ ನೀರು ಹಾಕಿದರು. ಮೌನೇಶ ಅಂಗೈಯಿಂದ ಒರೆಸಿ, ಎದುರಿಗೆ ಬಂದು ನೋಡಿದನು.

ಆ ಹಳೆಯ ಶಿಲ್ಪಿ, ಅವನ ಕೈಗೆ ಕೋಟಿ ನಮಸ್ಕಾರ, ಕಣ್ಣುಗಳನ್ನು ಎದುರು ನೋಡುವ ಹಾಗೆ ಕಡೆದೇ ಇರಲಿಲ್ಲ. ಅರ್ಧ ಮುಚ್ಚಿದ ಎವೆಯ ಕೆಳಗೆ ದೇವಿಯ ನೋಟ ಇಳಿದು ತನ್ನ ತೊಡೆಯ ಮೇಲೆ ಬಿದ್ದಿತ್ತು. ಕೂಸುಗಳನ್ನು ಮಲಗಿಸುತ್ತಿದ್ದ ಆ ತಗ್ಗಿನ ಮೇಲೆ. ಹೋಗಿ ಬರುವವರ ಮೇಲೆ ಆ ನೋಟ ಒಂದು ದಿನವೂ ಬಿದ್ದಿರಲಿಲ್ಲ.

ಕಾಳಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಆಕೆ ತಾನಾಗಿಯೇ ಮುಂದೆ ಬಂದು, ಕುಳಿತು, ದೇವಿಯ ತೊಡೆಯ ಆ ತಗ್ಗಿನಲ್ಲಿ ತಲೆಯಿಟ್ಟಳು. ಮೊದಲ ನೋಟ ಅವಳ ಮೇಲೆ ಬಿತ್ತು. "ಯವ್ವಾ" ಎಂದಳು. ಎಷ್ಟೋ ವರ್ಷದಿಂದ ಹಿತ್ತಲಲ್ಲಿ ನುಂಗಿಕೊಂಡ ಅಳುವೆಲ್ಲ ಅಲ್ಲಿ ಹೊರಬಂತು.

ಮೌನೇಶ ಪೂಜ್ಯರ ಪಾದಕ್ಕೆ ಬೀಳಹೋದನು. ಪೂಜ್ಯರು ಹಿಂದಕ್ಕೆ ಸರಿದು, "ಇಲ್ಲಲ್ಲಪ್ಪ, ಅಲ್ಲಿ" ಎಂದು ಕಾಳಮ್ಮನನ್ನು ತೋರಿಸಿದರು. ಅವನು ಅಕ್ಕನ ಕಾಲ ಬಳಿ ಹಣೆ ಹಚ್ಚಿದನು.

ಇಳಿಹೊತ್ತಿಗೆ ಗಾಡಿ ಬಂತು, ಗೌಡರೂ ಬಂದರು. ಕಣ್ಣು ತೆರೆದಿದೆಯೆಂದು ತಿಳಿದು ಕಂಬದ ಮರೆಗೆ ನಿಂತು ಇಣುಕಿದರು. ಇನ್ನೊಂದು ಕಂಬದ ಮರೆಗೆ ಹೋಗಿ ಇಣುಕಿದರು. ಕೊನೆಗೆ ಧೈರ್ಯ ಮಾಡಿ ಎದುರಿಗೇ ಬಂದು ಬಗ್ಗಿ ನೋಡಿ, "ಅಲ್ರೀ ಅಜ್ಜಾರ, ಇಕಿ ನಮ್ಮ ಕಡಿ ನೋಡೇ ಇಲ್ಲಲ್ರೀ!" ಎಂದರು. ಅವರ ದನಿಯಲ್ಲಿ ಮಗುವಿನ ಬೆರಗಿತ್ತು. ಆಮೇಲೆ, "ಹಂಗಾದ್ರ ಲಕ್ಷ್ಮಿನ ಎಲ್ಲಿ ಕುಂದ್ರಿಸೋದು?" ಎಂದು ಕೇಳಿದರು.

"ಅಕ್ಕ ಇರೋ ಮನಿಗೆ ತಂಗಿ ತಾನೇ ಬರ್ತಾಳ ಗೌಡ್ರ, ಪಕ್ಕದಾಗ ಒಂದು ಗೂಡು ಮಾಡಿಸ್ರಿ" ಎಂದರು ಪೂಜ್ಯರು. ಗಾಡಿ ಖಾಲಿಯಾಗಿ ತಿರುಗಿಹೋಯಿತು. ಮುಂದೆ ಬಂದ ಲಕ್ಷ್ಮಿಯ ಕಲ್ಲಿನಲ್ಲಿ ಮೌನೇಶ ಕಡೆದ ಚಿಕ್ಕ ಮೂರ್ತಿ ಇಂದಿಗೂ ಅಕ್ಕನ ಪಕ್ಕದ ಗೂಡಿನಲ್ಲಿದೆ, ಅಕ್ಕನ ಭುಜದ ಮಟ್ಟ ಮೀರದಂತೆ.

ಮೌನೇಶನಿಗೆ ಹೆಣ್ಣುಕೂಸು ಹುಟ್ಟಿತು. ಅತ್ತೆಮನೆಯವರು ಮುನಿದರು, ಮಾತು ಬಿಟ್ಟರು. ಅವನು ಜಗ್ಗಲಿಲ್ಲ. ಕೂಸನ್ನು ಕರೆತಂದ ದಿನ ಹೊಸಿಲಲ್ಲೇ ಅಕ್ಕನನ್ನು ಕರೆದು, ಮಡದಿಯ ಕೈಯಿಂದಲೇ ಅವಳ ಮಡಿಲಿಗೆ ಹಾಕಿಸಿದನು. ಕೂಸು ಬೆಳೆಯಿತು, ಓಡಾಡಿತು, ಸೋದರತ್ತೆ ಕಾಳಮ್ಮನ ಸೆರಗು ಹಿಡಿದೇ ದೊಡ್ಡದಾಯಿತು.

ಶ್ರೀ ನೆರಳಜ್ಜನವರು ಈ ಪ್ರಸಂಗವನ್ನು ಯಾರ ಮುಂದೆಯೂ ಎತ್ತಿದವರಲ್ಲ. ದೇವಿಯ ಕಣ್ಣು ತೆರೆದ ಮರುದಿನ ಮುಂಜಾನೆ ಎಂದಿನಂತೆ ಕಸಬರಿಗೆ ಹಿಡಿದು ಗಣಪನ ಗುಡಿಯಿಂದ ಶುರುಮಾಡಿದ್ದರು. ಕಂಡವರಿಗೆ ಹೇಳಿದವನು ಮೌನೇಶಾಚಾರಿಯೇ. ಅವನ ಮನೆಯಲ್ಲಿ ಅಂದಿನಿಂದ ಒಂದು ಹೊಸ ರೂಢಿ ಬಂತು. ಯಾವ ಊರಿನ ಯಾವ ದೇವರ ಕೆಲಸಕ್ಕೆ ಹೊರಟರೂ ಉಳಿಯ ಚೀಲ ಹೆಗಲಿಗೇರಿಸಿ ಹೊಸಿಲ ಒಳಗೇ ನಿಲ್ಲುತ್ತಿದ್ದನು. "ಅಕ್ಕಾ, ಎದುರಿಗೆ ಬಾ" ಎಂದು ಕೂಗುತ್ತಿದ್ದನು. ಆಕೆ ರೊಟ್ಟಿಯ ಗಂಟು ಹಿಡಿದು ಬಂದು ಎದುರಿಗೆ ನಿಲ್ಲುವ ತನಕ ಅವನು ಹೊಸಿಲು ದಾಟುತ್ತಿರಲಿಲ್ಲ.